ಯಾರ ಮಗುವಿನ ಮುಜುಗರ?

2021ರ ಮೇ 7ರಂದು ಅಮೆರಿಕದ ಒಕ್ಲಹೋಮಾ ರಾಜ್ಯದ ಗವರ್ನರ್ ಕೆವಿನ್ ಸ್ಟಿಟ್ ಒಂದು ಮಸೂದೆಗೆ ಸಹಿ ಹಾಕಿದರು. ‘ಎಚ್‌ಬಿ 1775’ ಎಂದು ಹೆಸರಾದ ಈ ಕಾನೂನು ಶಾಲೆಗಳಿಗೆ ಹಲವು ಬೇಡಗಳನ್ನು ಹಾಕಿತು. ಅವುಗಳಲ್ಲಿ ಒಂದು ಹೀಗಿದೆ: ತನ್ನ ಜನಾಂಗದ ಅಥವಾ ಲಿಂಗದ ಕಾರಣಕ್ಕೆ ಯಾವುದೇ ವ್ಯಕ್ತಿ ಮುಜುಗರ, ತಪ್ಪಿತಸ್ಥ ಭಾವ, ಸಂಕಟ ಅಥವಾ ಇನ್ನಾವುದೇ ಮಾನಸಿಕ ಯಾತನೆ ಪಡಬೇಕು ಎಂಬ ಮಾತು ಪಾಠದ ಭಾಗವಾಗಕೂಡದು. ಸಹಿ ಬಿದ್ದ ಮೂರೂವರೆ ವಾರಕ್ಕೆ ಅದೇ ರಾಜ್ಯದ ಟಲ್ಸಾ ನಗರದಲ್ಲಿ ಹತ್ಯಾಕಾಂಡವೊಂದರ ನೂರನೇ ವರ್ಷದ ಸ್ಮರಣೆ ನಡೆಯುವುದಿತ್ತು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪುಗಳು ಅಲ್ಲಿನ ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಗೆ ನುಗ್ಗಿ ಸುಮಾರು 35 ಬ್ಲಾಕ್‌ಗಳನ್ನು ಸುಟ್ಟುಹಾಕಿದ್ದವು. ಸಾವಿರಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಸತ್ತವರ ಸಂಖ್ಯೆ 300ರವರೆಗೂ ಇರಬಹುದೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಬೆಂಕಿ ಇಟ್ಟವರಲ್ಲಿ, ಕೊಂದವರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ರಾಜ್ಯವೇ ನೇಮಿಸಿದ ಆಯೋಗ ಈ ಬಗ್ಗೆ ವರದಿ ಕೊಟ್ಟಿದ್ದು 2001ರಲ್ಲಿ, ಎಂದರೆ 80 ವರ್ಷಗಳ ನಂತರ. ಆ ನಡುವಿನ ತಲೆಮಾರುಗಳ ಬಹುಪಾಲು ಮಕ್ಕಳು ಟಲ್ಸಾದಲ್ಲೇ ಹುಟ್ಟಿ ಬೆಳೆದರೂ ಈ ಘಟನೆಯ ಹೆಸರು ಕೇಳದೆ ಶಾಲೆ ಮುಗಿಸಿದರು. ಶತಮಾನದ ಸ್ಮರಣೆಗೆಂದು ರಚನೆಯಾದ ಸಮಿತಿಯಲ್ಲಿ ಗವರ್ನರ್ ಸ್ಟಿಟ್ ಕೂಡ ಇದ್ದರು. ಅವರು ಸಹಿ ಹಾಕಿದ ಕೆಲವೇ ದಿನಗಳಲ್ಲಿ ಸಮಿತಿ ಅವರನ್ನು ಕೈಬಿಟ್ಟಿತು.

ಒಕ್ಲಹೋಮಾ ಒಂಟಿಯಲ್ಲ. 2019ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ‘1619 ಪ್ರಾಜೆಕ್ಟ್’ ಪ್ರಕಟಿಸಿ, ಸೆರೆಹಿಡಿದ ಆಫ್ರಿಕನ್ನರನ್ನು ಹೊತ್ತ ಹಡಗು ವರ್ಜೀನಿಯಾ ತೀರ ಮುಟ್ಟಿದ ವರ್ಷದಿಂದ ಅಮೆರಿಕದ ಕಥೆಯನ್ನು ಹೇಳತೊಡಗಿದರೆ ಹೇಗೆ ಎಂದು ಕೇಳಿತು. ಮರುವರ್ಷ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಪ್ರಶ್ನೆ ಬೀದಿಗೆ ಬಂತು, ಬೀದಿಯಿಂದ ಶಾಲಾ ಮಂಡಳಿಗಳ ಸಭೆಗಳಿಗೆ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಸರ್ಕಾರಿ ನೌಕರರ ತರಬೇತಿಯ ಬಗ್ಗೆ ಹೊರಡಿಸಿದ ಆದೇಶದಲ್ಲಿ ಈ ‘ಮುಜುಗರ, ತಪ್ಪಿತಸ್ಥ ಭಾವ’ದ ಮಾತಿತ್ತು. ಬೈಡನ್ ಬಂದು ಆದೇಶವನ್ನು ರದ್ದುಮಾಡಿದರೂ ಆ ಪದಗಳು ಉಳಿದುಕೊಂಡು ಟೆಕ್ಸಸ್, ಟೆನೆಸಿ, ಫ್ಲಾರಿಡಾ ಸೇರಿ ಹಲವು ರಾಜ್ಯಗಳ ಕಾನೂನುಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಬಂದು ಕುಳಿತವು. ಗುಲಾಮಗಿರಿಯ ಪಾಠ ಬೇಕೇ ಬೇಡವೇ ಎಂಬುದು ಇಲ್ಲಿನ ತಗಾದೆ ಎಂದು ದೂರದಿಂದ ನೋಡುವವರಿಗೆ ಅನ್ನಿಸೀತು. ಬೇಡ ಎಂದು ಬಹಿರಂಗವಾಗಿ ಹೇಳುವ ರಾಜಕಾರಣಿ ಅಲ್ಲಿ ಯಾರೂ ಇಲ್ಲ. ನನ್ನ ತಕರಾರು ಈ ಕಾನೂನುಗಳು ಎತ್ತಿಕೊಂಡಿರುವ ಅಳತೆಗೋಲಿನ ಬಗ್ಗೆ. ಪಾಠ ನಿಜವೇ ಎಂದು ಕೇಳಬೇಕಾದ ಜಾಗದಲ್ಲಿ ಅವು ಪಾಠದಿಂದ ನೋವಾಗುತ್ತದೆಯೇ ಎಂದು ಕೇಳುತ್ತವೆ. ಹಾಗೆ ಕೇಳಿದ ಕಡೆಯೆಲ್ಲ ಲೆಕ್ಕಕ್ಕೆ ಬಂದಿರುವುದು ಆ ಊರಿನಲ್ಲಿ ಕೈಮೇಲಾಗಿರುವವರ ನೋವು ಮಾತ್ರ. ಇದಕ್ಕೆ ಅಮೆರಿಕದ ತರಗತಿಗಳ ನೂರು ವರ್ಷದ ಪುರಾವೆ ಇದೆ.

ಅಂತರ್ಯುದ್ಧದಿಂದಲೇ ತೊಡಗೋಣ. 1861ರ ಜನವರಿಯಲ್ಲಿ ಒಕ್ಕೂಟದಿಂದ ಹೊರನಡೆದ ಮಿಸಿಸಿಪ್ಪಿ ರಾಜ್ಯ ತನ್ನ ಘೋಷಣೆಯಲ್ಲಿ ಕಾರಣವನ್ನು ಮುಚ್ಚಿಡಲಿಲ್ಲ. ತನ್ನ ನಿಲುವು ಗುಲಾಮಗಿರಿಯ ಜೊತೆ ಸಂಪೂರ್ಣ ಬೆಸೆದುಕೊಂಡಿದೆ ಎಂದು ಮೊದಲಿಗೇ ಹೇಳಿತು. ಅದೇ ಮಾರ್ಚ್ 21ರಂದು ಸವಾನಾ ನಗರದಲ್ಲಿ ಬಂಡಾಯ ರಾಜ್ಯಗಳ ಉಪಾಧ್ಯಕ್ಷ ಅಲೆಗ್ಸಾಂಡರ್ ಸ್ಟೀಫನ್ಸ್ ಮಾಡಿದ ಭಾಷಣ ಇನ್ನೂ ನೇರ. ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ಹೊಸ ಸರ್ಕಾರದ ಮೂಲೆಗಲ್ಲು ಎಂದು ಆತ ಸಾರಿದ. ಯುದ್ಧದಲ್ಲಿ ಸೋತ ಮೇಲೆ ಅದೇ ಸ್ಟೀಫನ್ಸ್ ಎರಡು ಸಂಪುಟಗಳ ಪುಸ್ತಕ ಬರೆದು, ಹೋರಾಟ ನಡೆದದ್ದು ರಾಜ್ಯಗಳ ಹಕ್ಕಿಗಾಗಿ ಎಂದು ವಾದಿಸಿದ. ಈ ಎರಡನೆಯ ಸ್ಟೀಫನ್ಸನೇ ಶಾಲೆಗೆ ಹೋದ. 1894ರಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಎಂಬ ದಕ್ಷಿಣದ ಮಹಿಳೆಯರ ಸಂಘಟನೆ ಪಠ್ಯಪುಸ್ತಕಗಳ ಮೇಲೆ ಕಣ್ಣಿಟ್ಟಿತು. ಅದರ ಇತಿಹಾಸ ವಿಭಾಗದ ಮುಖ್ಯಸ್ಥೆಯಾಗಿದ್ದ ಮಿಲ್‌ಡ್ರೆಡ್ ರದರ್‌ಫರ್ಡ್ 1920ರ ಹೊತ್ತಿಗೆ ಪುಸ್ತಕಗಳನ್ನು ಅಳೆಯುವ ಕೈಪಿಡಿಯೊಂದನ್ನೇ ಬರೆದು ಹಂಚಿದರು. ದಕ್ಷಿಣ ಹೋರಾಡಿದ್ದು ಗುಲಾಮರನ್ನು ಉಳಿಸಿಕೊಳ್ಳಲು ಎನ್ನುವ, ಗುಲಾಮರ ಒಡೆಯನನ್ನು ಕ್ರೂರಿ ಎನ್ನುವ ಪುಸ್ತಕಗಳನ್ನು ತಿರಸ್ಕರಿಸಿ ಎಂದು ಅದರಲ್ಲಿ ಸೂಚನೆಯಿತ್ತು. ಅಂಥ ಪುಸ್ತಕ ಈಗಾಗಲೇ ಗ್ರಂಥಾಲಯದಲ್ಲಿದ್ದರೆ ‘ದಕ್ಷಿಣಕ್ಕೆ ಅನ್ಯಾಯ ಮಾಡಿದ ಪುಸ್ತಕ’ ಎಂದು ರಟ್ಟಿನ ಮೇಲೆ ಬರೆಯಬೇಕಿತ್ತು. ಸೋತು ಬಂದ ಅಪ್ಪ, ಅಜ್ಜಂದಿರ ಬಗ್ಗೆ ಬಿಳಿಯ ಮಕ್ಕಳಿಗೆ ನಾಚಿಕೆಯಾಗಬಾರದು ಎಂಬುದೇ ಈ ಎಲ್ಲ ಶ್ರಮದ ಹಿಂದಿದ್ದ ಚಿಂತೆ. ಅದೇ ಬೆಂಚಿನ ಮೇಲೆ, ಅಲ್ಲ, ಬೇರೆ ಶಾಲೆಯ ಹರಕು ಬೆಂಚಿನ ಮೇಲೆ ಕುಳಿತು ತನ್ನ ಮುತ್ತಜ್ಜಿ ಗುಲಾಮಳಾಗಿ ಸುಖವಾಗಿದ್ದಳು ಎಂದು ಓದಬೇಕಾದ ಮಗುವಿಗೆ ಏನನ್ನಿಸೀತು ಎಂಬ ಚಿಂತೆ ಆ ಕೈಪಿಡಿಯಲ್ಲಿ ಇರಲಿಲ್ಲ.

ಇದು ಕೆಲವು ಹಟಮಾರಿ ಹೆಂಗಸರ ಚಟ ಎಂದು ತಳ್ಳಿಹಾಕುವಂತಿಲ್ಲ, ಯಾಕೆಂದರೆ ಸರ್ಕಾರಗಳೂ ಇದನ್ನೇ ಮಾಡಿದವು. ವರ್ಜೀನಿಯಾ ಶಾಸನಸಭೆ 1950ರಲ್ಲಿ ಪಠ್ಯಪುಸ್ತಕಕ್ಕೆಂದೇ ಆಯೋಗ ನೇಮಿಸಿತು. 1957ರಲ್ಲಿ ಬಂದ ಅದರ ಪುಸ್ತಕಗಳು 1970ರ ದಶಕದ ಆರಂಭದವರೆಗೂ ತರಗತಿಯಲ್ಲಿದ್ದವು. ಏಳನೇ ತರಗತಿಯ ಪುಸ್ತಕದ ಒಂದು ಚಿತ್ರದಲ್ಲಿ ಹಡಗಿನಿಂದ ಇಳಿದ ಆಫ್ರಿಕದ ಕುಟುಂಬವೊಂದು ನೀಟಾದ ಉಡುಪಿನಲ್ಲಿ ನಿಂತಿದೆ. ಕುಟುಂಬದ ಗಂಡಸು ತನ್ನ ಹೊಸ ಒಡೆಯನ ಕೈಕುಲುಕುತ್ತಿದ್ದಾನೆ. ಸಂಕೋಲೆಯ ಸುಳಿವೂ ಇಲ್ಲ. ಬಿಳಿ ಮತ್ತು ಕಪ್ಪು ಮಕ್ಕಳು ಒಟ್ಟಿಗೆ ಓದಬೇಕೆಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿದ ಮೇಲೆ, ಆ ತೀರ್ಪಿಗೆ ಮಣಿಯುವುದಕ್ಕಿಂತ ಶಾಲೆಗಳನ್ನೇ ಮುಚ್ಚುತ್ತೇವೆ ಎಂದ ರಾಜ್ಯ ಇದು. ಅದರ ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಿಂದ ಐದು ವರ್ಷ ಸರ್ಕಾರಿ ಶಾಲೆಗಳನ್ನು ನಿಜಕ್ಕೂ ಮುಚ್ಚಿಟ್ಟಿತು. ಇತಿಹಾಸದ ಪುಸ್ತಕದೊಳಗಿನ ಕೈಕುಲುಕಾಟ ಮತ್ತು ಬೀಗ ಬಿದ್ದ ಶಾಲೆಯ ಬಾಗಿಲು ಒಂದೇ ಆಡಳಿತದ ಒಂದೇ ನೀತಿಯ ಎರಡು ಕೆಲಸಗಳು.

ಈ ಅಳತೆಗೋಲು ಒಮ್ಮೆ ನ್ಯಾಯಾಲಯದ ಮುಂದೆಯೂ ಬಂತು. ಈಗಿನ ಜಗಳದಲ್ಲಿ ಆ ಪ್ರಕರಣವನ್ನು ನೆನೆಯುವವರು ಕಡಿಮೆ ಎಂಬುದೇ ನನಗೆ ಅಚ್ಚರಿ. ಮಿಸಿಸಿಪ್ಪಿಯ ಜಾಕ್ಸನ್ ನಗರದ ಎರಡು ಕಾಲೇಜುಗಳಲ್ಲಿ, ಒಂದು ಕಪ್ಪು ಜನರದು, ಇನ್ನೊಂದು ಬಹುತೇಕ ಬಿಳಿಯರದು, ಪಾಠ ಮಾಡುತ್ತಿದ್ದ ಜೇಮ್ಸ್ ಲೋವೆನ್ ಮತ್ತು ಚಾರ್ಲ್ಸ್ ಸ್ಯಾಲಿಸ್ ತಮ್ಮ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು ಆ ರಾಜ್ಯದ ಇತಿಹಾಸದ ಪಠ್ಯಪುಸ್ತಕವೊಂದನ್ನು 1974ರಲ್ಲಿ ತಂದರು. ಒಂಬತ್ತನೇ ತರಗತಿಗೆ ಅದನ್ನು ಒಪ್ಪಬೇಕೇ ಎಂದು ನೋಡಿದ ಏಳು ಜನರ ಸಮಿತಿಯಲ್ಲಿ ಐವರು ಬಿಳಿಯರು, ಇಬ್ಬರು ಕಪ್ಪು ವರ್ಣೀಯರು. ಮತವೂ ಬಣ್ಣಕ್ಕೆ ತಕ್ಕಂತೆ ಐದಕ್ಕೆ ಎರಡಾಗಿ ಒಡೆದು ಪುಸ್ತಕ ತಿರಸ್ಕೃತವಾಯಿತು. ಲೇಖಕರು ಫೆಡರಲ್ ನ್ಯಾಯಾಲಯಕ್ಕೆ ಹೋದರು. ಸಮಿತಿಯ ಸದಸ್ಯ ಟರ್ನಿಪ್‌ಸೀಡ್ ಅವರ ಆಕ್ಷೇಪ ಮುಖ್ಯವಾಗಿ ಒಂದು ಫೋಟೊದ ಮೇಲಿತ್ತು. ಕಪ್ಪು ಮನುಷ್ಯನೊಬ್ಬನನ್ನು ಗುಂಪು ಸೇರಿ ಕೊಂದು ಸುಡುತ್ತಿರುವ ಚಿತ್ರ ಅದು. ಕಪ್ಪು ಹುಡುಗರೇ ಹೆಚ್ಚಿರುವ ತರಗತಿಯಲ್ಲಿ ಬಿಳಿಯ ಶಿಕ್ಷಕಿಯೊಬ್ಬಳು ಇದನ್ನಿಟ್ಟುಕೊಂಡು ಪಾಠ ಮಾಡುವುದು ಹೇಗೆ ಎಂದು ಅವರು ಕೇಳಿದರು. ಲೋವೆನ್ ಮುಂದೆ ಹಲವು ಸಲ ನೆನೆಸಿಕೊಂಡಂತೆ, ಆಗ ನ್ಯಾಯಾಧೀಶ ಓರ್ಮಾ ಸ್ಮಿತ್ ತಾವೇ ಪ್ರಶ್ನೆ ಕೇಳತೊಡಗಿದರು: ಇಂಥದ್ದು ನಡೆದದ್ದು ನಿಜ ತಾನೆ? ಹೌದು, ಆದರೆ ಬಹಳ ಹಿಂದೆ ನಡೆದದ್ದು, ಈಗ ಯಾಕೆ ಅದನ್ನು ಕೆದಕಬೇಕು ಎಂಬ ಉತ್ತರ ಬಂತು. ಇದು ಇತಿಹಾಸದ ಪುಸ್ತಕ ಅಲ್ಲವೇ ಎಂದು ನ್ಯಾಯಾಧೀಶರು ಮರುಪ್ರಶ್ನೆ ಹಾಕಿದರು. 1980ರಲ್ಲಿ ತೀರ್ಪು ಲೇಖಕರ ಪರ ಬಂತು. ಸ್ಮಿತ್ ಕೂಡ ಮಿಸಿಸಿಪ್ಪಿಯವರೇ, ಬಿಳಿಯರೇ. ಅವರು ಯಾರ ಮನಸ್ಸು ಎಷ್ಟು ನೊಂದೀತು ಎಂದು ತೂಗಲು ಹೋಗಲಿಲ್ಲ; ತೂಗಲು ಹೋಗಿದ್ದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತಾಗುತ್ತಿತ್ತು.

ದಶಕಗಳ ಈ ನಯಗಾರಿಕೆಯ ಫಲ ಇಂದಿಗೂ ಕಾಣುತ್ತದೆ. ಸದರ್ನ್ ಪಾವರ್ಟಿ ಲಾ ಸೆಂಟರ್ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಂತರ್ಯುದ್ಧಕ್ಕೆ ಮುಖ್ಯ ಕಾರಣ ಗುಲಾಮಗಿರಿ ಎಂದು ಗುರುತಿಸಿದ ಹೈಸ್ಕೂಲು ಕೊನೆಯ ವರ್ಷದ ವಿದ್ಯಾರ್ಥಿಗಳು ಶೇ 8 ಮಾತ್ರ. ಸೆಂಟರ್ ಎಡಕ್ಕೆ ವಾಲಿದ ಸಂಸ್ಥೆ, ನಿಜ. ಅದನ್ನು ಕಳೆದು ನೋಡಿದರೂ ಈ ಅಂಕಿ ಸಣ್ಣದು. ಟೆಕ್ಸಸ್‌ನಲ್ಲಿ ಬಳಕೆಯಲ್ಲಿದ್ದ ಭೂಗೋಳದ ಪುಸ್ತಕವೊಂದು ಗುಲಾಮರನ್ನು ಆಫ್ರಿಕದಿಂದ ಬಂದ ‘ಕೆಲಸಗಾರರು’ ಎಂದು ಕರೆದದ್ದು 2015ರಲ್ಲಿ, ತಾಯಿಯೊಬ್ಬಳು ಗಮನಿಸಿದ್ದರಿಂದ ಬೆಳಕಿಗೆ ಬಂತು. ಬಿಳಿಯ ಮಕ್ಕಳನ್ನು ತಪ್ಪಿತಸ್ಥರನ್ನಾಗಿಸುವ ಪಾಠಗಳು ದೇಶವನ್ನೆಲ್ಲ ಆವರಿಸಿವೆ ಎಂಬ ಚಿತ್ರಕ್ಕೂ ಇವಕ್ಕೂ ತಾಳೆಯಾಗುವುದಿಲ್ಲ.

ಕಾನೂನಿನ ಪರ ಇರುವವರ ಬಲವಾದ ಉತ್ತರ ಇಲ್ಲಿದೆ. ಮಗುವಿಗೆ ಮುಜುಗರವಾದರೆ ಅಪರಾಧ ಎಂದು ಕಾನೂನು ಹೇಳುವುದಿಲ್ಲ, ಮುಜುಗರ ಪಡಬೇಕು ಎಂದು ಶಿಕ್ಷಕ ಹೇಳಿದರೆ ಮಾತ್ರ ತಪ್ಪು ಎನ್ನುತ್ತದೆ. ಟಲ್ಸಾದ ಪಾಠ ರಾಜ್ಯದ ಪಠ್ಯಕ್ರಮದಲ್ಲೇ ಇದೆ, ಅದನ್ನು ಈ ಕಾನೂನು ಮುಟ್ಟಿಲ್ಲ ಎಂದು ಅವರು ತೋರಿಸುತ್ತಾರೆ. ಅಕ್ಷರಶಃ ಅದು ಸರಿ. ತರಗತಿಯಲ್ಲಿ ನಿಂತ ಶಿಕ್ಷಕನಿಗೆ ಈ ವ್ಯತ್ಯಾಸ ಎಷ್ಟು ಆಸರೆ ಕೊಡುತ್ತದೆ ಎಂಬುದು ಬೇರೆ ಮಾತು. ಉಲ್ಲಂಘನೆ ಸಾಬೀತಾದರೆ ಒಕ್ಲಹೋಮಾದಲ್ಲಿ ಶಿಕ್ಷಕನ ಪ್ರಮಾಣಪತ್ರವೇ ಹೋಗಬಹುದು. 2022ರ ಜುಲೈನಲ್ಲಿ ರಾಜ್ಯ ಶಿಕ್ಷಣ ಮಂಡಳಿ ಟಲ್ಸಾ ಶಾಲಾ ಜಿಲ್ಲೆಯ ಮಾನ್ಯತೆಯನ್ನೇ ಕೆಳಗಿಳಿಸಿತು. ಕಾರಣವಾದದ್ದು ಮಕ್ಕಳ ಪಾಠವೂ ಅಲ್ಲ, ಶಿಕ್ಷಕರಿಗಾಗಿ ನಡೆದ ಒಂದು ತರಬೇತಿ. ಮುಂದಿನ ವರ್ಷ ರಾಜ್ಯದ ಶಿಕ್ಷಣ ಮುಖ್ಯಸ್ಥ ರಯಾನ್ ವಾಲ್ಟರ್ಸ್ ಅವರನ್ನು ಸಭೆಯೊಂದರಲ್ಲಿ, ಹಾಗಾದರೆ ಟಲ್ಸಾ ಹತ್ಯಾಕಾಂಡ ನಿಮ್ಮ ಕಾನೂನಿನಡಿ ಬರುವುದಿಲ್ಲವೇ ಎಂದು ಕೇಳಿದರು. ಕೃತ್ಯವನ್ನು ಖಂಡಿಸಿ ಕಲಿಸಬಹುದು, ಆದರೆ ಮೈಬಣ್ಣವೇ ಅದನ್ನು ನಿರ್ಧರಿಸಿತು ಎನ್ನಬಾರದು ಎಂಬ ಧಾಟಿಯಲ್ಲಿ ಅವರು ಉತ್ತರಿಸಿದರು. ಗದ್ದಲವಾದ ಮೇಲೆ, ಅದು ಜನಾಂಗೀಯ ದ್ವೇಷದಿಂದಲೇ ನಡೆದದ್ದು ಎಂದು ಸ್ಪಷ್ಟನೆ ಕೊಟ್ಟರು. ಕಾನೂನನ್ನು ಜಾರಿಗೊಳಿಸಬೇಕಾದ ಮನುಷ್ಯನೇ ಹೀಗೆ ತಡವರಿಸಿದರೆ ಹಳ್ಳಿ ಶಾಲೆಯ ಮೇಷ್ಟ್ರು ಏನು ಮಾಡಬೇಕು? ಬಾಯಿ ಮುಚ್ಚಿಕೊಳ್ಳುತ್ತಾರೆ. ರ‍್ಯಾಂಡ್ ಸಂಸ್ಥೆ 2023ರಲ್ಲಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ, ರಾಜಕೀಯ ಮತ್ತು ಸಾಮಾಜಿಕ ವಿಷಯಗಳ ಚರ್ಚೆಯನ್ನು ತಾವಾಗಿಯೇ ಕಡಿಮೆ ಮಾಡಿದ್ದೇವೆ ಎಂದವರು ಸುಮಾರು ಮೂರರಲ್ಲಿ ಎರಡು ಪಾಲು ಶಿಕ್ಷಕರು. ಯಾವ ನಿರ್ಬಂಧವೂ ಇಲ್ಲದ ಕಡೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೆ ಹೇಳಿದರು. 2024ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಎಚ್‌ಬಿ 1775ರ ಕೆಲವು ಭಾಗಗಳನ್ನು ಅಸ್ಪಷ್ಟವೆಂದು ತಡೆಹಿಡಿದರು.

ಎರಡನೆಯ ಆಕ್ಷೇಪವನ್ನು ನಾನು ಹೆಚ್ಚು ಗೌರವದಿಂದ ನೋಡುತ್ತೇನೆ: ಜನಾಂಗದ ಹೆಸರಿನಲ್ಲಿ ಮೂರ್ಖತನ ಬೋಧಿಸಿದವರೂ ಇದ್ದಾರಲ್ಲ? ಇದ್ದಾರೆ. ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯವೇ 2020ರಲ್ಲಿ ತನ್ನ ಜಾಲತಾಣದಲ್ಲಿ ಒಂದು ಪಟ್ಟಿ ಹಾಕಿ, ಕಷ್ಟಪಟ್ಟು ದುಡಿಯುವುದು, ವಸ್ತುನಿಷ್ಠವಾಗಿ ಯೋಚಿಸುವುದು ‘ಬಿಳಿಯ ಸಂಸ್ಕೃತಿ’ಯ ಲಕ್ಷಣಗಳೆಂದು ಬರೆದಿತ್ತು. ದುಡಿದು ದುಡಿದೇ ಸತ್ತವರ ನೆನಪಿಗೆ ಕಟ್ಟಿದ ಸಂಸ್ಥೆ ಇದಕ್ಕಿಂತ ಅವಮಾನಕರವಾದದ್ದನ್ನು ಬರೆಯುವುದು ಕಷ್ಟ. ಟೀಕೆ ಬಂದೊಡನೆ ಅದನ್ನು ತೆಗೆದರು. ‘1619 ಪ್ರಾಜೆಕ್ಟ್’ ಕೂಡ ಹುಷಾರು ತಪ್ಪಿತ್ತು; ಗುಲಾಮಗಿರಿಯನ್ನು ಉಳಿಸಿಕೊಳ್ಳುವುದು ಬ್ರಿಟಿಷರ ವಿರುದ್ಧದ ಕ್ರಾಂತಿಗೆ ಒಂದು ಮುಖ್ಯ ಕಾರಣವಾಗಿತ್ತು ಎಂದು ಎಲ್ಲ ವಸಾಹತುಗಾರರಿಗೂ ಅನ್ವಯಿಸುವಂತೆ ಬರೆಯಿತು. ಗಾರ್ಡನ್ ವುಡ್, ಜೇಮ್ಸ್ ಮೆಕ್‌ಫರ್ಸನ್ ಸೇರಿ ಐವರು ಇತಿಹಾಸಕಾರರು 2019ರ ಡಿಸೆಂಬರ್‌ನಲ್ಲಿ ಪತ್ರ ಬರೆದು ಆಕ್ಷೇಪಿಸಿದರು. ಸಂಪಾದಕರು ಮೊದಲು ಒಪ್ಪಲಿಲ್ಲ, ಆಮೇಲೆ 2020ರ ಮಾರ್ಚ್‌ನಲ್ಲಿ ‘ಕೆಲವು ವಸಾಹತುಗಾರರು’ ಎಂದು ತಿದ್ದಿದರು. ಹೀಗೆ ಎರಡೂ ಕಡೆ ತಪ್ಪನ್ನು ತಿದ್ದಿಸಿದ್ದು ಬಹಿರಂಗ ವಾದ. ಮರುವರ್ಷ ಟೆಕ್ಸಸ್ ತನ್ನ ಕಾನೂನಿನಲ್ಲಿ ‘1619 ಪ್ರಾಜೆಕ್ಟ್’ ಎಂದು ಹೆಸರಿಟ್ಟೇ ನಿರ್ಬಂಧ ಹೇರಿತು, ಹೇರಿದ್ದರಿಂದ ಇತಿಹಾಸದ ಒಂದು ವಾಕ್ಯವೂ ಸರಿಹೋಗಲಿಲ್ಲ. ಇನ್ನು ಇಂಥ ಬೋಧನೆ ಎಷ್ಟು ವ್ಯಾಪಕ ಎಂಬುದಕ್ಕೆ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಒಂಬತ್ತು ರಾಜ್ಯಗಳ ಮೂರು ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಕೇಳಿ 2024ರಲ್ಲಿ ಕೊಟ್ಟ ವರದಿ ಇದೆ. ಎಡಪಂಥೀಯ ಬೋಧನೆ ತುಂಬಿ ತುಳುಕುತ್ತಿದೆ ಎಂಬ ಆರೋಪಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ.

ನೋವಿನ ಅಳತೆಗೋಲು ಬಲಪಂಥದ ಸ್ವತ್ತೇನೂ ಅಲ್ಲ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸಾಕ್ಷಿ. ಅಲ್ಲಿನ ಜಾರ್ಜ್ ವಾಷಿಂಗ್ಟನ್ ಹೈಸ್ಕೂಲಿನ ಗೋಡೆಗಳ ಮೇಲೆ ರಷ್ಯಾ ಮೂಲದ ವಿಕ್ಟರ್ ಅರ್ನಾಟಾಫ್ 1936ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಆತ ಎಡಪಂಥೀಯ; ಎಲ್ಲರೂ ಪೂಜಿಸುವ ವಾಷಿಂಗ್ಟನ್‌ನ ತೋಟದಲ್ಲಿ ಗುಲಾಮರು ದುಡಿಯುವುದನ್ನೂ, ಸತ್ತುಬಿದ್ದ ಮೂಲನಿವಾಸಿಯೊಬ್ಬನ ದೇಹದ ಪಕ್ಕದಲ್ಲೇ ಬಿಳಿಯರು ಪಶ್ಚಿಮಕ್ಕೆ ಹೆಜ್ಜೆ ಹಾಕುವುದನ್ನೂ ಬರೆದು, ಆ ಕಾಲದ ಪಠ್ಯಪುಸ್ತಕ ಬಚ್ಚಿಟ್ಟದ್ದನ್ನು ಶಾಲೆಯ ಗೋಡೆಗೇ ತಂದಿಟ್ಟ. 2019ರ ಜೂನ್‌ನಲ್ಲಿ ನಗರದ ಪ್ರಗತಿಪರ ಶಾಲಾ ಮಂಡಳಿ ಆ ಚಿತ್ರಗಳಿಗೆ ಬಣ್ಣ ಬಳಿದು ಅಳಿಸಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಕಪ್ಪು ಮತ್ತು ಮೂಲನಿವಾಸಿ ಮಕ್ಕಳಿಗೆ ಇವು ಆಘಾತ ಉಂಟುಮಾಡುತ್ತವೆ ಎಂಬುದೇ ಕಾರಣ. ವಿರೋಧ ಬಂದ ಮೇಲೆ ಅಳಿಸುವ ಬದಲು ಹಲಗೆಯಿಂದ ಮುಚ್ಚುವ ಮಾತಾಯಿತು, ನ್ಯಾಯಾಲಯ ತಡೆಯಿತು, ಕೊನೆಗೆ 2022ರಲ್ಲಿ ಹೊಸ ಸದಸ್ಯರಿದ್ದ ಮಂಡಳಿ ತೀರ್ಮಾನವನ್ನೇ ಹಿಂದಕ್ಕೆ ಪಡೆಯಿತು. ದಿನವೂ ಆ ಮೆಟ್ಟಿಲು ಹತ್ತುವ ಮೂಲನಿವಾಸಿ ಹುಡುಗನಿಗೆ ಹೆಣದ ಚಿತ್ರ ಹಿತವಾಗಿರಲಾರದು, ಆ ದೂರನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಮಂಡಳಿ ಗೆದ್ದಿದ್ದರೆ ಆ ಕಟ್ಟಡದಲ್ಲಿ ಉಳಿಯುತ್ತಿದ್ದುದು ಗುಲಾಮರಿಲ್ಲದ ವಾಷಿಂಗ್ಟನ್‌ನ ಹೆಸರಷ್ಟೆ. ರದರ್‌ಫರ್ಡ್ ಬಯಸಿದ್ದೂ ಅದಕ್ಕಿಂತ ಬಹಳ ಬೇರೆಯದಾಗಿರಲಿಲ್ಲ.

ಭಾರತೀಯರೂ ಈ ಆಟಕ್ಕೆ ಇಳಿದವರೇ. ಕ್ಯಾಲಿಫೋರ್ನಿಯಾದ ಆರನೇ ತರಗತಿಯ ಇತಿಹಾಸ ಪುಸ್ತಕಗಳ ಪರಿಷ್ಕರಣೆ 2005ರಲ್ಲಿ ನಡೆದಾಗ ಅಲ್ಲಿ ನೆಲೆಸಿದ ಹಿಂದೂ ಸಂಘಟನೆಗಳು ಪ್ರಾಚೀನ ಭಾರತದ ಅಧ್ಯಾಯಕ್ಕೆ ನೂರಾರು ತಿದ್ದುಪಡಿ ಸೂಚಿಸಿದವು. ಕೆಲವು ಪೂರ್ತಿ ನ್ಯಾಯವಾದವು. ಹಿಂದಿಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಾರೆ ಎಂದಿದ್ದ ಪುಸ್ತಕಕ್ಕೆ ಯಾರು ತಾನೆ ವಕಾಲತ್ತು ವಹಿಸಿಯಾರು? ಆದರೆ ಅದೇ ಪಟ್ಟಿಯಲ್ಲಿ ಅಸ್ಪೃಶ್ಯರ ಕುರಿತ ಸಾಲು ತೆಗೆಯಬೇಕು, ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಹಕ್ಕುಗಳಿದ್ದವು ಎಂಬಲ್ಲಿ ‘ಬೇರೆ’ ಹಕ್ಕು ಮತ್ತು ಕರ್ತವ್ಯಗಳಿದ್ದವು ಎಂದಾಗಬೇಕು ಎಂಬ ಸೂಚನೆಗಳೂ ಇದ್ದವು. ಸಹಪಾಠಿಗಳ ಮುಂದೆ ನಮ್ಮ ಮಕ್ಕಳು ತಲೆತಗ್ಗಿಸಬೇಕಾಗುತ್ತದೆ ಎಂಬುದು ತಂದೆತಾಯಿಗಳ ಅಳಲು. ಅದೇ ವಿಚಾರಣೆಗೆ ಬಂದ ದಲಿತ ಸಂಘಟನೆಗಳು, ಆ ಸಾಲು ಹೋದರೆ ಪುಸ್ತಕದಿಂದ ಹೋಗುವವರು ನಾವು ಎಂದವು. ಒಂದೇ ದೇಶದಿಂದ ಹೋದ ಎರಡು ಮನೆಯ ಮಕ್ಕಳ ನೋವು ಎದುರುಬದುರು ನಿಂತಿತ್ತು. ಲಿಪಿಯ ತಪ್ಪನ್ನು ತಿದ್ದಲು ಯಾರ ನೋವನ್ನೂ ಅಳೆಯಬೇಕಾಗಿ ಬರಲಿಲ್ಲ. 2022ರಲ್ಲಿ ಪಠ್ಯ ಪರಿಷ್ಕರಣೆ, 2023ರಲ್ಲಿ ಮರುಪರಿಷ್ಕರಣೆ ಎರಡನ್ನೂ ನೋಡಿದ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆರು ವರ್ಷದ ಮಗುವಿಗೂ ಸುಟ್ಟ ದೇಹದ ಫೋಟೊ ತೋರಿಸುತ್ತೀರಾ ಎಂದರೆ, ಇಲ್ಲ. ವಯಸ್ಸಿಗೆ ತಕ್ಕ ಪಾಠ ಎಂಬ ಮಾತಿಗೆ ಅರ್ಥವಿದೆ. ಆದರೆ ಅದು ಎಲ್ಲ ಮಕ್ಕಳಿಗೂ ಒಂದೇ ಆಗಿ ಅನ್ವಯಿಸುವ ಮಾತು, ಯಾವ ಪಾಠವನ್ನು ಯಾವ ತರಗತಿಯಲ್ಲಿ ಹೇಗೆ ಹೇಳಬೇಕು ಎಂದು ಶಿಕ್ಷಕರು ಕೂತು ತೀರ್ಮಾನಿಸುವ ಮಾತು. ಜನಾಂಗದ ಕಾರಣಕ್ಕೆ ಆಗುವ ಮುಜುಗರವನ್ನು ಮಾತ್ರ ಎತ್ತಿ ಹೇಳುವ ಕಾನೂನಿಗೂ ವಯಸ್ಸಿಗೂ ಸಂಬಂಧವಿಲ್ಲ, ಅದು ಹದಿನೇಳರ ಹುಡುಗನಿಗೂ ಅನ್ವಯಿಸುತ್ತದೆ. ತೆರಿಗೆ ಕಟ್ಟುವವರ ಪ್ರತಿನಿಧಿಗಳಿಗೆ ಪಠ್ಯಕ್ರಮದ ಮೇಲೆ ಹಕ್ಕಿಲ್ಲವೇ ಎಂಬ ಪ್ರಶ್ನೆಗೂ ಉತ್ತರ ಹೌದು, ಇದೆ. ಏನನ್ನು ಕಲಿಸಬೇಕು ಎಂದು ಅವರು ಬಹಿರಂಗವಾಗಿ, ಕಾರಣ ಕೊಟ್ಟು ನಿರ್ಧರಿಸಲಿ. 2023ರ ಜುಲೈನಲ್ಲಿ ಫ್ಲಾರಿಡಾ ಮಾಡಿದ್ದು ಅದನ್ನೇ. ಗುಲಾಮರು ಕಲಿತ ಕೆಲಸಗಳು ಕೆಲವು ಸಂದರ್ಭದಲ್ಲಿ ಅವರಿಗೇ ಉಪಯೋಗಕ್ಕೆ ಬಂದವು ಎಂಬ ಸಾಲನ್ನು ಅದು ಪಠ್ಯಕ್ರಮಕ್ಕೆ ಸೇರಿಸಿತು. ಆ ಸಾಲು ನನಗೆ ಹಿಡಿಸುವುದಿಲ್ಲ. ಆದರೂ ಬರೆದಿಟ್ಟ ಸಾಲಾದ್ದರಿಂದ ಯಾವ ಗುಲಾಮ, ಯಾವ ಕೆಲಸ, ಕೂಲಿ ಯಾರ ಜೇಬಿಗೆ ಹೋಯಿತು ಎಂದು ದಾಖಲೆ ಹಿಡಿದು ಅದರೊಂದಿಗೆ ಜಗಳ ಮಾಡಬಹುದು, ಇತಿಹಾಸಕಾರರು ಮಾಡಿದರು ಕೂಡ. ಮುಜುಗರದ ಕಲಮಿನೊಂದಿಗೆ ಹಾಗೆ ಜಗಳವಾಡಲು ಬರುವುದಿಲ್ಲ.

ಈಗ ಇದೇ ಅಳತೆಗೋಲು ಶಾಲೆಯ ಆವರಣ ದಾಟಿದೆ. ಎರಡನೇ ಅವಧಿಗೆ ಬಂದ ಟ್ರಂಪ್ 2025ರ ಜನವರಿಯಲ್ಲಿ ಶಾಲೆಗಳ ‘ತೀವ್ರವಾದಿ ಬೋಧನೆ’ ವಿರುದ್ಧ ಆದೇಶ ಹೊರಡಿಸಿದರು; ಮಾರ್ಚ್‌ನಲ್ಲಿ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳ ಇತಿಹಾಸ ಕುರಿತು ಇನ್ನೊಂದು ಆದೇಶ ಬಂತು. ಅದರ ಬೆನ್ನಿಗೆ ರಾಷ್ಟ್ರೀಯ ಉದ್ಯಾನ ಮತ್ತು ಸ್ಮಾರಕಗಳಲ್ಲಿ ಕ್ಯೂಆರ್ ಕೋಡ್ ಇರುವ ಫಲಕಗಳು ಎದ್ದವು. ಹಿಂದಿನ ಅಥವಾ ಇಂದಿನ ಅಮೆರಿಕನ್ನರ ಬಗ್ಗೆ ನಕಾರಾತ್ಮಕವಾಗಿರುವ ಯಾವುದೇ ಬರಹ ಕಂಡರೆ ತಿಳಿಸಿ ಎಂದು ಆ ಫಲಕಗಳು ಪ್ರವಾಸಿಗಳನ್ನು ಕೇಳುತ್ತವೆ. ಗುಲಾಮರನ್ನು ದುಡಿಸಿದ ತೋಟಗಳು, ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಶಿಬಿರಗಳು ಕೂಡ ಈ ಉದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆಯ ಸುಪರ್ದಿಯಲ್ಲೇ ಇವೆ. ಅಲ್ಲಿನ ಬರಹ ಸುಳ್ಳಾಗಿದ್ದರೆ ತಿಳಿಸಿ ಎಂದು ಕೇಳಿದ್ದರೆ ಆ ಫಲಕದ ಬಗ್ಗೆ ಯಾರ ತಕರಾರೂ ಇರುತ್ತಿರಲಿಲ್ಲ.